ಸಾಕು ಮೊಬೈಲ್ ಸೆಂಟರ್

ಆಲೆಮನೆಯ ನಿಂಗರಾಜ ತಂದ ಫೋನು
ಕಬ್ಬಿನ ಹಾಲಿನ ತೊಟ್ಟಿಗೆ ಬಿದ್ದಿತ್ತಂತೆ.
ಒರೆಸಿ, ಅಕ್ಕಿ ಡಬ್ಬದಲ್ಲಿ ಎರಡು ದಿನ ಹೂತಿಟ್ಟು
ಮೂರನೆಯ ದಿನ ಪಾಂಡವಪುರಕ್ಕೆ ಬಂದ.
ಹಿಂಬದಿ ಬಿಚ್ಚಿದೆ. ಒಳಗೆ ಇರುವೆ,
ಸ್ಪೀಕರಿನ ಜಾಲರಿಯಿಂದ ಬ್ಯಾಟರಿಯವರೆಗೆ ಸಾಲುಗಟ್ಟಿ
ಯಾವ ಗಾಬರಿಯೂ ಇಲ್ಲದೆ ದುಡಿಯುತ್ತಿದ್ದವು.
"ಅದ್ಕೇ ಕಣಕ್ಕ ಕಿವಿ ಕಚ್ತಿತ್ತು," ಅಂದ.

ನನ್ನ ಅಂಗಡಿಯೆಂದರೆ ಒಂದು ಮೇಜು, ಒಂದು ಭೂತಗನ್ನಡಿ,
ಸ್ಕ್ರೂಗಳಿಗೆ ಅಮ್ಮನ ಸಾಸಿವೆ ಡಬ್ಬಿ.
ಎದುರಿಗೊಂದು ಬೆಂಚು. ಅಲ್ಲಿಗೆ ಗಿರಾಕಿಗಿಂತ
ಸುದ್ದಿಯೇ ಜಾಸ್ತಿ ಬರುತ್ತದೆ.

ಇವತ್ತಿನದು: ಮೂರು ಮಡಿಕೆಯ ಫೋನು ಬಂದಿದೆ,
ಬೆಲೆ ಎರಡು ಸೀಮೆಹಸುವಿನಷ್ಟು.
ದೊಳ್ಳಯ್ಯ ಎಲೆಗೆ ಸುಣ್ಣ ಸವರುತ್ತ
"ಮಡಚಿದ್ ಮೇಲೆ ಬಾಯ್ಗಾಕಬೋದಾ?" ಅಂದ.
ನಿನ್ನೆಯದು: ಇನ್ನು ಕಂಪ್ಯೂಟರೇ ಕಾಗದ ಬರೆಯುತ್ತದೆ,
ಲೆಕ್ಕ ಬರೆಯುತ್ತದೆ, ನಮ್ಮ ಕೆಲಸವೆಲ್ಲ ಅದೇ ಮಾಡುತ್ತದೆ.
"ಮಾಡ್ಲಿ ಬುಡಿ. ಬೆಳಗಿನ ಜಾವ ಮೂರಕ್ಕೆ ಕರೆಂಟ್ ಬತ್ತದೆ,
ಗದ್ದೆಗೆ ನೀರು ಕಟ್ಟಾಕೆ ಕಳಿಸ್ಕೊಡಿ," ಅಂತು ಬೆಂಚು.

ಕತ್ತಲಲ್ಲೂ ಮುಖ ಗುರುತು ಹಿಡಿಯುವ ಫೋನಿನ ಸುದ್ದಿಗೆ ಮಾತ್ರ
ಯಾರೂ ನಗಲಿಲ್ಲ. ಬೆಂಚಿನ ತುದಿಯಲ್ಲಿ
ಅಂಗನವಾಡಿಯ ಕೆಂಪೀರಮ್ಮ ಕೂತಿದ್ದರು.
ಬಸುರಿಯರಿಗೆ ಹಿಟ್ಟಿನ ಪೊಟ್ಟಣ ಕೊಡುವ ಮುಂಚೆ
ಅವರ ಮುಖವನ್ನು ಫೋನಿಗೆ ತೋರಿಸಬೇಕು.
ಏಳು ತಿಂಗಳಿಗೆ ಊದಿಕೊಂಡ ಮುಖ
ಆಧಾರ್ ಫೋಟೊದ ಹುಡುಗಿಗೆ ಹೊಂದುವುದಿಲ್ಲ.
ಹೊಂದೀತು ಅಂದರೆ ಸಿಗ್ನಲ್ ಇಲ್ಲ.
ನಾಲೆ ಏರಿಯ ಮೇಲೆ, ಹುಣಸೆಮರದ ಬುಡದಲ್ಲಿ ಎರಡು ಕಡ್ಡಿ,
ಅಲ್ಲಿಗೆ ಆ ಹೊಟ್ಟೆ ಹೊತ್ತು ಹತ್ತಬೇಕು.
"ನಗು ತಾಯಿ ಒಸಿ, ಅಂತೀನಿ.
ನಕ್ಕರೆ ಇನ್ನೊಂದೇ ಮುಖ ಆಗೋಯ್ತದೆ."
ನಾನು ಅವರ ಕ್ಯಾಮೆರಾದ ಗಾಜು ಒರೆಸಿಕೊಟ್ಟೆ,
ದುಡ್ಡು ಬೇಡ ಅಂದೆ.
ಅದರಿಂದ ಏನೂ ಆಗದು, ಗೊತ್ತು.

ಇನ್ನು ನನ್ನ ವಿಷಯ.
ನಾಲ್ಕನೆಯ ಹೆಣ್ಣು. ಹುಟ್ಟಿದ ದಿನವೇ ಸಾಕು ಅಂದರು,
ಅದನ್ನೇ ಹೆಸರು ಮಾಡಿದರು.
(ಆಮೇಲೂ ಒಂದು ಹುಟ್ಟಿತು, ಅದು ಬೇರೆ ಮಾತು.)
ಹೊಸ ಫೋನಿಗೆ ನನ್ನ ದನಿ ಕಲಿಸಲು ಒಂದು ರಾತ್ರಿ ಕೂತೆ.
"ನಿಮ್ಮ ಹೆಸರು ಹೇಳಿ," ಎಂದಿತು ರೇಡಿಯೊ ವಾರ್ತೆಯ ಕನ್ನಡದಲ್ಲಿ.
"ಸಾಕು."
"ಸರಿ, ನಿಲ್ಲಿಸುತ್ತೇನೆ," ಎಂದು ತಣ್ಣಗಾಯಿತು.
ಮತ್ತೆ ಎಬ್ಬಿಸಿದೆ. "ನಾನು, ಸಾಕು."
"ಧನ್ಯವಾದಗಳು, ಮತ್ತೆ ಸಿಗೋಣ."
ಮೂರನೆಯ ಸಲ ಕಿರುಚಿಯೇ ಬಿಟ್ಟೆ.
ಪಕ್ಕದ ಕೋಣೆಯಲ್ಲಿ ಅಪ್ಪ ಟಿವಿ ಆರಿಸಿದರು.

ಜಾಗ ತುಂಬಿದೆ ಎಂದು ಫೋನು ಹಿಡಿದು ಬರುವವರಿಗೆ
ನನ್ನ ಬೋರ್ಡೇ ಉತ್ತರ ಎಂಬುದು ದೊಳ್ಳಯ್ಯನ ತಮಾಷೆ.
ಅಳಿಸಲು ಕೂತರೆ ಯಾರ ಬಾಯಲ್ಲೂ ಆ ಮಾತಿಲ್ಲ:
ಗುಲಾಬಿಯ ಶುಭೋದಯ ಏಳುನೂರು,
ಕಬ್ಬಿನ ತೂಕದ ಚೀಟಿ, ಸುಟ್ಟ ಫ್ಯೂಸು, ಯಾರದೋ ಮೊಣಕೈ,
ಎಲ್ಲ ಇರ್ಲಿ ಕಣಕ್ಕ, ಯಾವತ್ತಾದ್ರೂ ಬೇಕಾಯ್ತದೆ.

ಅಮ್ಮ ಒಮ್ಮೆ ಹಸುವಿಗೆ ಹುಲ್ಲು ಹಾಕುತ್ತ ಹೇಳಿದ್ದಳು,
ನನ್ನ ಕಡೆ ನೋಡದೆ:
"ಸಾಕು ಅಂದ್ರೆ ಮುಗೀತು ಅಂತ್ಲೇ ಅಲ್ಲ ಕಣೆ.
ಕರೀನ ಸಾಕಾಕಿಲ್ವಾ?"
ಇದನ್ನು ಫೋನಿಗೆ ಹೇಗೆ ಹೇಳುವುದೋ, ಇನ್ನೂ ತಿಳಿದಿಲ್ಲ.

ಸಂಜೆ ನಿಂಗರಾಜನ ಫೋನಿಗೆ
ಸ್ಪಿರಿಟ್ಟಿನ ಬ್ರಷ್ಷು ಎತ್ತಿದವಳು ಕೆಳಗಿಟ್ಟೆ.
ಮೇಜಿನ ಮೂಲೆಗೆ ಒಂದು ಚೂರು ಬೆಲ್ಲ ಇಟ್ಟೆ, ಅವನ ಆಲೆಮನೆಯದೇ.
ಶಟರ್ ಎಳೆಯುವ ಹೊತ್ತಿಗೆ ಒಂದೊಂದೇ ಹೊರಬರುತ್ತಿದ್ದವು.
ಫೋನು ಇದ್ದಕ್ಕಿದ್ದಂತೆ ಬೆಳಗಿ
ಹೊಸ ಅಪ್‌ಡೇಟ್ ಲಭ್ಯವಿದೆ ಎಂದಿತು.
ಇರುವೆಗಳು ಆ ಬೆಳಕನ್ನು ಬಳಸಿಕೊಂಡು
ಬೆಲ್ಲದ ಕಡೆ ನಡೆದವು.