ಎದೆಮಟ್ಟ

ಸ್ವೀಟ್ ಹೋಮ್ ಎಂಬುದು ಊರಿನ ಹೆಸರು, ನಗಬೇಡಿ.
ಒರೆಗಾನ್ ಸೀಮೆ, ಸ್ಯಾಂಟಿಯಮ್ ಹೊಳೆಯ ದಂಡೆ,
ಒಂದೇ ದೊಡ್ಡ ಬೀದಿ, ಅದರಲ್ಲಿ ನನ್ನ ಹೊಲಿಗೆ ಅಂಗಡಿ.
ಮರ ಕಡಿಯುವವರ ಪ್ಯಾಂಟಿನ ಮಂಡಿಗೆ ತೇಪೆ,
ಮದುವೆ ಗೌನುಗಳಿಗೆ ಕೊನೇ ಗಳಿಗೆಯ ಟಾಕು.
ಹತ್ತೊಂಬತ್ತು ವರ್ಷ ಕಿಟಕಿಯಾಚೆ ಕಾಡಿತ್ತು;
ನನಗದು ಒಂದೇ ಹಸಿರು ಥಾನು,
ಬಿಚ್ಚಿ ನೋಡಿರಲಿಲ್ಲ.

ಈ ಅಕ್ಟೋಬರಿನಲ್ಲಿ ಶನಿವಾರದ ಪಾಠಕ್ಕೆ ಹೆಸರು ಕೊಟ್ಟೆ.
ಆರು ಜನ. ಕಲಿಸುವಾಕೆ ವರ್ನಾ ಟಾಲೆಫ್ಸನ್,
ಮಾತು ಕಮ್ಮಿ, ಬೂಟು ದೊಡ್ಡದು.
ಮೊದಲ ಪಾಠ: ಮರವನ್ನು ಎದೆಮಟ್ಟದಲ್ಲಿ ಅಳೆಯಬೇಕು.
ಯಾರ ಎದೆ? ಎಂದೆ.
ನಾಲ್ಕೂವರೆ ಅಡಿ, ಎಂದಳು,
ಇಳಿಜಾರಾದರೆ ಮೇಲ್ಮಗ್ಗುಲಲ್ಲಿ ನಿಂತು.
ನನಗದು ಗದ್ದಕ್ಕೆ ಬಂತು.

ಕೈಗೆ ಟೇಪು ಕೊಟ್ಟಳು. ಟೇಪು ನನಗೆ ಹೊಸದೇ?
ಸುತ್ತಿದೆ, ಓದಿದೆ: ಇಪ್ಪತ್ತಾರು.
ಸುಳ್ಳು, ಎಂದಿತು ಬೆರಳು,
ಗದಗಿನ ಪೇಟೆಯಿಂದ ಇಲ್ಲಿಯವರೆಗೆ
ಸೊಂಟಗಳನ್ನೇ ಸುತ್ತಿ ಬಂದ ಬೆರಳು,
ಎಂಬತ್ತಕ್ಕೆ ಕಮ್ಮಿಯಿಲ್ಲ ಇದು.
ವರ್ನಾ ಮೊದಲ ಸಲ ನಕ್ಕಳು:
ಈ ಟೇಪಿನ ಒಂದಿಂಚು ಮೂರಿಂಚಿಗಿಂತ ಉದ್ದ.
ಸುತ್ತು ಹಿಡಿದರೆ ಅಡ್ಡಗಲ ಹೇಳುತ್ತದೆ,
ಭಾಗಾಕಾರ ಆಗಲೇ ಅದರ ಹೊಟ್ಟೆಯಲ್ಲಿದೆ.

ನೆರಳಿಗೂ ಲೆಕ್ಕವಿದೆಯಂತೆ.
ಡಗ್ಲಸ್ ಫರ್ ಸಸಿಗೆ ಹೆತ್ತವಳ ನೆರಳೂ ಆಗಿಬರದು;
ಹೆಮ್ಲಾಕ್ ಮಾತ್ರ ಮಬ್ಬಿನಲ್ಲಿ ಮೊಣಕಾಲೆತ್ತರ ನಿಂತು
ವರ್ಷಗಟ್ಟಲೆ ಸರದಿ ಕಾಯುತ್ತದೆ,
ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದ ಹಾಗೆ.
ಸತ್ತು ನಿಂತದ್ದನ್ನು ಬೀಳಿಸಬೇಡಿ, ಮರಕುಟಿಗನ ಮನೆ.
ಬಿದ್ದದ್ದನ್ನು ಎತ್ತಬೇಡಿ, ಬೆನ್ನ ಮೇಲೆ ಸಾಲಾಗಿ ಸಸಿಗಳಿವೆ.
ನಾನು ಬರೆದುಕೊಂಡೆ: ಚೂರುಬಟ್ಟೆ ಎಸೆಯಬಾರದು.

ಮೂರನೇ ಶನಿವಾರ ನೀಲಿ ಬಣ್ಣದ ಡಬ್ಬಿ.
ಕಡಿಯಬೇಕಾದ್ದಕ್ಕೆ ಗುರುತು ಹಾಕಿ.
ಅಂಗಡಿಯಲ್ಲಾದರೆ ಸೀಮೆಸುಣ್ಣದ ಗೆರೆ,
ತಪ್ಪಿದರೆ ಕೊಡವಿದರಾಯಿತು.
ಇದು ಹೋಗುವ ಬಣ್ಣವಲ್ಲ.
ಎರಡು ಮರಗಳ ನಡುವೆ ಕಾಲು ಗಂಟೆ ನಿಂತೆ,
ಒಂದು ಸಣಕಲು, ಇನ್ನೊಂದು ಸೊಟ್ಟ,
ಸೊಟ್ಟದ್ದರಲ್ಲಿ ಯಾರದೋ ಹಳೆಯ ಗೂಡು.
ಹೋಗಬೇಕಾದ್ದನ್ನು ಹುಡುಕಬೇಡಿ, ಎಂದಳು ವರ್ನಾ,
ಇರಬೇಕಾದ್ದು ಯಾವುದು ನೋಡಿ;
ಆಮೇಲೆ ಅದರ ಬೆಳಕಿಗೆ ಅಡ್ಡ ನಿಂತವರು ಯಾರು.
ಡಬ್ಬಿ ಒತ್ತಿದೆ. ಅರ್ಧ ನನ್ನ ಹೆಬ್ಬೆರಳಿಗೇ ಬಿತ್ತು.

ಕಡೆಗೆ ಟೊಳ್ಳು ಬೈರಿಗೆ.
ತಿರುಗಿಸಿದಷ್ಟೂ ಮರ ಕಿರ್ರೆನ್ನುತ್ತದೆ.
ಎಳೆದರೆ ಪೆನ್ಸಿಲಿಗಿಂತ ಸಣ್ಣ ಕಡ್ಡಿ,
ಒದ್ದೆ, ಕಿತ್ತಳೆ ಸಿಪ್ಪೆಯ ವಾಸನೆ.
ಒಳಗಿನ ಗೆರೆಗಳು ಬಿಗಿ ಬಿಗಿ,
ಉಸಿರಾಡಲು ಬಿಡದ ಹೊಲಿಗೆ;
ಒಂದು ಕಡೆ ಥಟ್ಟನೆ ಅಗಲ.
ತೊಗಟೆಯಿಂದ ಹಿಂದಕ್ಕೆ ಎಣಿಸಿದೆವು.
ಆರ್ಲಿಸ್ ಟಟ್, ಎಪ್ಪತ್ತು ದಾಟಿದವ,
ಗರಗಸಕ್ಕೆ ಎರಡು ಬೆರಳು ಕೊಟ್ಟವ,
ಕಡ್ಡಿಯನ್ನು ಕನ್ನಡಕದ ಹತ್ತಿರ ತಂದ.
ಎಪ್ಪತ್ತೊಂಬತ್ತು, ಎಂದ.
ಇದರ ಪಕ್ಕದ್ದನ್ನು ಕಡಿದವನು ನಾನೇ.
ಸ್ವಲ್ಪ ಹೊತ್ತು ಬಿಟ್ಟು:
ನಾನು ಮಾಡಿದ್ದೆಲ್ಲ ಲಾರಿ ಹತ್ತಿ ಹೋಯಿತು
ಅಂದುಕೊಂಡಿದ್ದೆ.

ನನಗೆ ನೆನಪಾದದ್ದು ತಂಗಿಯ ಶಾಲೆಯ ಲಂಗ.
ಪ್ರತಿ ಜೂನಿಗೂ ಒಂದು ಮಡಿಕೆ ಬಿಚ್ಚಿ ಇಳಿಸುತ್ತಿದ್ದೆ;
ಎಷ್ಟು ಇಸ್ತ್ರಿ ಮಾಡಿದರೂ ಉಳಿಯುತ್ತಿತ್ತು
ಹಳೆಯ ಮಡಿಕೆಯ ಗೆರೆ, ಒಂದರ ಕೆಳಗೊಂದು.

ಸೋಮವಾರ ಆರ್ಲಿಸ್ ಕೋಟು ಹೊಲಿಸಲು ಬಂದ.
ಹಳೆಯ ಪುಸ್ತಕದಲ್ಲಿ ಅವನ ಎದೆ ನಲವತ್ತನಾಲ್ಕು,
ಈಗ ನಲವತ್ತೊಂದು.
ಮರದ ಪುಸ್ತಕದಲ್ಲಿ ಈ ಕಳೆಯುವ ಲೆಕ್ಕವಿಲ್ಲ.
ಕೈ ಇಳಿಬಿಟ್ಟು, ಉಸಿರು ಹಿಡಿದು ನಿಂತಿದ್ದ.
ಉಸಿರು ಬಿಡಿ, ಎಂದೆ, ಇದು ನಿಜವಾದ ಇಂಚು.
ಟೇಪು ಒತ್ತಿ ಹಿಡಿದ ಹೆಬ್ಬೆರಳು
ಅವನ ಬಿಳಿ ಅಂಗಿಯ ಮೇಲಿತ್ತು,
ಉಗುರಿನ ಸಂದಿಯಲ್ಲಿ ಇನ್ನೂ ನೀಲಿ.
ಒಣಗಿತ್ತು. ಗುರುತು ಬೀಳುವುದಿಲ್ಲ, ಗೊತ್ತು.
ಆದರೂ ಕೈ ಹಿಂದಕ್ಕೆಳೆದುಕೊಂಡೆ.