ಹತ್ತಿಯ ಎಳೆ

ಮೂರನೇ ಮಹಡಿಯ ಕಡೆಯ ಕೋಣೆ ನಮ್ಮದು, ಚರ್ಮ ವಿಭಾಗ.
ಅದರಾಚೆಗೆ ಕೆಟ್ಟ ಲಿಫ್ಟು, ಒಂದು ಗಾಲಿ ಇಲ್ಲದ ಗಾಲಿಕುರ್ಚಿ.
ವಾರ್ಡುಗಳಿಂದ ಕರೆಚೀಟಿ ಬರುವುದು ಊಟದ ಹೊತ್ತು ಮೀರಿ,
ಎದೆ, ಕಿಡ್ನಿ, ಮಿದುಳು ಎಲ್ಲರ ಸರದಿ ಮುಗಿದು
ಮನೆಗೆ ಕಳಿಸುವ ಮುಂಚೆ ಯಾರಿಗೋ ನೆನಪಾದ ಹಾಗೆ:
'ಮೈಮೇಲೆ ಗುಳ್ಳೆ. ದಯವಿಟ್ಟು ನೋಡಿ.'

ಇವತ್ತು ನಾಲ್ಕು ಚೀಟಿ.
ಫಿಟ್ಸ್ ಮಾತ್ರೆ ಒಗ್ಗದೆ ಎದೆಯೆಲ್ಲ ಕೆಂಪಾದ ಲಾರಿ ಕ್ಲೀನರ್;
ಬಾಯಿ ತೆರೆಸಿದೆ, ರೆಪ್ಪೆ ಎತ್ತಿದೆ, ಪುಣ್ಯಕ್ಕೆ ಹುಣ್ಣಿಲ್ಲ.
ಐಸಿಯುವಿನಲ್ಲಿ ಪಟ್ಟಿ ಕಿತ್ತಾಗ ಜೊತೆಗೇ ಬಂದ ಮುದಿಚರ್ಮ.
ಹೆರಿಗೆ ವಾರ್ಡಿನಲ್ಲಿ ಎರಡು ದಿನದ ಕೂಸಿನ ಕುಂಡೆಗೆ ನೀಲಿ ಕಲೆ,
'ಯಾರು ಹೊಡೆದರು' ಎಂದು ಸೊಸೆಯನ್ನೇ ದುರುಗುಟ್ಟುವ ಅತ್ತೆ.
ಹುಟ್ಟುಮಚ್ಚೆ ಅಜ್ಜಿ, ತಾನೇ ಮಾಸುತ್ತೆ ಅಂದೆ.
ಅವಳಿಗೆ ಅಷ್ಟೇನೂ ನಂಬಿಕೆ ಬರಲಿಲ್ಲ.

ನಾಲ್ಕನೆಯದು ಹಾಜಿರಾಬಿ, ಐವತ್ತೆರಡು, ಹನ್ನೊಂದನೇ ಮಂಚ.
ನ್ಯುಮೋನಿಯಾ, ಸಕ್ಕರೆ. ಬೆನ್ನ ತುಂಬ ತುರಿಕೆ.
ನಮಗೆ ಸ್ಕ್ಯಾನು ಬೇಡ, ಕಿಟಕಿಯ ಬೆಳಕು ಸಾಕು;
ಸಿಸ್ಟರ್ ಗೊಣಗುತ್ತಲೇ ಮಂಚವನ್ನು ಕಿಟಕಿಗೆ ತಳ್ಳಿದರು.
ಬೆವರುಸಾಲೆ. ಏಪ್ರಿಲ್ ತಿಂಗಳ ದಾವಣಗೆರೆ, ರೆಕ್ಸಿನ್ ಹಾಸಿಗೆ,
ಒಂಬತ್ತು ದಿನ ಅಂಗಾತ ಮಲಗಿದ ಬೆನ್ನು, ಇನ್ನೇನಾದೀತು?
ಒಂದು ಸಾಲು ಬರೆದು ಹೊರಡಬಹುದಿತ್ತು.

ಸೆರಗು ಸರಿಮಾಡಿಕೊಳ್ಳಲು ಅವಳು ಬಲಗೈ ಎತ್ತಿದಳು.
ಮುಂಗೈ ಮೇಲೆ ಅಂಗೈ ಅಗಲ ಮಂಕು ಬಿಳುಪು,
ಅದರ ಸುತ್ತ ಸುಟ್ಟ ಗಾಯಗಳು, ಹಳೆಯವು, ಹೊಸವು.

'ಮಂಡಕ್ಕಿ ಭಟ್ಟಿ ಕೆಲಸ ರೀ ಮೇಡಂ, ಇಪ್ಪತ್ತು ವರ್ಷ ಆತು.
ಉಳಿದೋರು ಕಾದ ಮರಳಿಗೆ ಹಾ ಅಂತ ಹಿಂದೆ ಸರೀತಾರ.
ನಾನು ಸರಿಯಲ್ಲ. ಬಾಣಲೆ ಅಂಚು ಹಂಗೇ ಹಿಡೀತೀನಿ.
ಹಾಜಿರಾನ ಕೈಗೆ ಬೆಂಕೀನೇ ಹೆದರ್ತದೆ ಅಂತಾರ ಮಾಲಕ್ರು.
ಹಬ್ಬಕ್ಕ ಒಂದು ಸೀರಿ ಜಾಸ್ತಿ ಕೊಡ್ತಾರ.'
ಕೆಮ್ಮಿನ ನಡುವೆಯೂ ಮುಖ ಅರಳಿತ್ತು.

ಜೇಬಿನಿಂದ ಹತ್ತಿ ತೆಗೆದು ತುದಿಯನ್ನು ಎಳೆಯಾಗಿ ಹೊಸೆದೆ.
ಒಂದು ಕಾಲಕ್ಕೆ ಈ ಊರಿಗೆ ಅನ್ನ ಕೊಟ್ಟ ಹತ್ತಿ;
ಅವಳ ಅಪ್ಪ ಮಿಲ್ಲಿನ ರಾತ್ರಿಪಾಳಿ ಮುಗಿಸಿ ಬರುವಾಗ
ಹುಬ್ಬಿಗೆಲ್ಲ ಮೆತ್ತಿರುತ್ತಿತ್ತಂತೆ.
ಕಣ್ಣು ಮುಚ್ಚಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ ಅಂದೆ.
ಎಡಗೈ: ತೋರಿಸಿದಳು. ಕೊರಳು: ತೋರಿಸಿದಳು, ಕಚಗುಳಿಗೆ ನಕ್ಕಳು.
ಬಲ ಮುಂಗೈಯ ಬಿಳುಪಿನ ನಡುವೆ ಒಂದು ಸಲ,
ಎರಡು ಸಲ, ಮತ್ತೊಂದು, ನಾಲ್ಕನೆಯದು.
ಮುಚ್ಚಿದ ಕಣ್ಣಲ್ಲೇ ಕಾಯುತ್ತಿದ್ದಳು.
'ಶುರು ಮಾಡ್ರೀ ಮೇಡಂ.'

ಮೊಳಕೈ ಹಿಂದೆ ನರ ಗಡಿಗೆಯ ಹಗ್ಗದಂತೆ ಉಬ್ಬಿತ್ತು.
ಆ ಹೆಸರು ಹೇಳುವಾಗ ದನಿ ತಗ್ಗಿಸಬಾರದು
ಎಂದು ಕಲಿಸಿದ್ದರು ನಮಗೆ. ತಗ್ಗಿತು.
ವಾಸಿಯಾಗುತ್ತೆ, ಮಾತ್ರೆ ಪುಕ್ಕಟೆ, ಒಂದು ವರ್ಷ ತಪ್ಪಿಸಬಾರದು,
ಮನೆಯವರನ್ನೂ ಒಮ್ಮೆ ನೋಡಬೇಕು, ತಟ್ಟೆ ಬೇರೆ ಮಾಡಬೇಕಿಲ್ಲ:
ಪಾಠ ಒಪ್ಪಿಸಿದಂತೆ ಒಪ್ಪಿಸಿದೆ.
ಪಕ್ಕದ ಮಂಚದಾಕೆ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದ್ದಳು.

ಹಾಜಿರಾಬಿ ತುಂಬ ಹೊತ್ತು ತನ್ನ ಕೈ ನೋಡಿಕೊಂಡಳು,
ಪರರ ಮನೆ ಪಾತ್ರೆ ನೋಡುವ ಹಾಗೆ.
'ಹಂಗಾದ್ರ... ಅದು ಕೈಗುಣ ಅಲ್ಲೇನ್ರೀ?'

ಚೀಟಿಯ ಕೆಳಗೆ ಬರೆದೆ:
ಬೆನ್ನಿಗೆ ಕ್ಯಾಲಮೈನ್, ಹತ್ತಿ ಬಟ್ಟೆಯ ಹಾಸು.
ಇದಲ್ಲದೆ, ಎಂದು ಬರೆದು
ಉಳಿದದ್ದನ್ನು ಹಾಳೆಯ ಹಿಂಬದಿಗೆ ಒಯ್ದೆ.
ಅವಳ ಪ್ರಶ್ನೆಗೆ ಕಾಲಂ ಇರಲಿಲ್ಲ.

ಹೊರಟಾಗ ಕರೆದಳು. ಆ ಹತ್ತಿ ಎಸೀತೀರೇನು, ಇಲ್ಲಿ ಕೊಡ್ರಿ.
ಬಲಗೈಯಲ್ಲಿ ಹಿಡಿದಳು; ಹಿಡಿದದ್ದು ಖಾತ್ರಿಯಾಗದೆ
ಕಣ್ಣಿಂದ ನೋಡಿಕೊಂಡಳು.
ಮೆಲ್ಲಗೆ ಕೆನ್ನೆಗೆ ಒಯ್ದು, ಎಳೆಯಿಂದ ಸವರಿ,
'ಇಲ್ಲಿ ಗೊತ್ತಾಗ್ತದ' ಅಂದಳು,
ನನಗಲ್ಲ.