ಡಜನ್ ಲೆಕ್ಕ

ಕಾಗದ ಬಂದದ್ದು ಮಂಗಳವಾರ. ದಪ್ಪ ಕಾಗದ,
ಮದುವೆಯ ಕರೆಯೋಲೆಯ ಹಾಗೆ ಬಂಗಾರದಂಚು.
'ನಿಮ್ಮ ಗ್ರಿಯರ್ ಆಯ್ಕೆಯಾಗಿದ್ದಾಳೆ.'
ಲಾಸ್ ಏಂಜಲೀಸ್, ಹನ್ನೊಂದು ದಿನ,
ದೊಡ್ಡ ದೊಡ್ಡವರ ಕಣ್ಣೆದುರು ಎರಡು ನಿಮಿಷ.
ಹದಿನಾಲ್ಕು ಸಾವಿರ ಡಾಲರು.
ಜೊತೆಗೆ ಹೋಗುವವರ ಟಿಕೆಟು ಬೇರೆ.

ನಾನು ಬ್ಲಫ್ ಬಂದರಿನಲ್ಲಿ ಸಿಂಪಿ ಬಿಡಿಸುವವಳು.
ನನ್ನ ಲೆಕ್ಕವೆಲ್ಲ ಡಜನ್ನಿನಲ್ಲಿ.
ಐದು ಸಾವಿರ ಡಜನ್. ಅಂದರೆ
ಅರವತ್ತು ಸಾವಿರ ಸಲ ಈ ಮಣಿಕಟ್ಟು ತಿರುಗಬೇಕು,
ಬಿಗಿದ ಅರವತ್ತು ಸಾವಿರ ಬಾಯಿ
ಒಂದೊಂದಾಗಿ ತೆರೆಯಬೇಕು.
ಅದೂ ಬಾಡಿಗೆ ಕಟ್ಟದೆ, ಹೊಟ್ಟೆಗೆ ತಿನ್ನದೆ.

ಪರೀಕ್ಷೆ ನಡೆದದ್ದು ಇನ್ವರ್ಕಾರ್ಗಿಲ್‌ನ ಹೋಟೆಲಿನಲ್ಲಿ.
ಎಪ್ಪತ್ತು ಮಕ್ಕಳು, ಎದೆಗೆ ಅಂಟಿಸಿದ ನಂಬರು,
ಕಾರಿಡಾರಿನ ತುಂಬ ಹೇರ್‌ಸ್ಪ್ರೇ ಮೋಡ.
ಕೋಲ್ಟನ್ ಎಂಬುವನು, ಹಲ್ಲೆಲ್ಲ ಒಂದೇ ಅಳತೆ,
ನನ್ನ ಕೈ ಹಿಡಿದು ಅಂದ:
'ನಿಮ್ಮ ಮಗಳು ಮುತ್ತು, ಮೇಡಂ.'
ಕೈಯ ವಾಸನೆ ಅವನ ಮೂಗಿಗೂ ಬಡಿದಿರಬೇಕು.

ಇಪ್ಪತ್ತೊಂದು ಹಂಗಾಮು. ನನಗೆ ಸಿಕ್ಕ ಮುತ್ತು ಒಂದೇ.
ಸಾಸಿವೆಯಷ್ಟು, ಬೂದು ಬಣ್ಣ, ಸೊಟ್ಟ.
ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ.
ಜನ ನಮಗೆ ದುಡ್ಡು ಕೊಡುವುದು ಮುತ್ತಿಗಲ್ಲ, ಮಾಂಸಕ್ಕೆ.

ಹೋದ ವರ್ಷ ಹೋದ ಮಕ್ಕಳು ಈಗ ಎಲ್ಲಿದ್ದಾರೆ
ಎಂದು ಫೋನು ಮಾಡಿ ಕೇಳಿದೆ.
ಒಬ್ಬಳು ಜಾಹೀರಾತಿನಲ್ಲಿ ಟೂತ್‌ಪೇಸ್ಟ್ ಹಿಡಿದಿದ್ದಾಳಂತೆ.
ಯಾವ ಟೂತ್‌ಪೇಸ್ಟು?
ಲೈನು ಸರಿಯಿಲ್ಲ ಎಂದ.
ಹೆತ್ತವರಿಗೆ ಹೆಗ್ಗಣ ಮುದ್ದು. ಅವನ ಅಂಗಡಿ
ನಿಂತಿರುವುದೇ ಆ ಮುದ್ದಿನ ಮೇಲೆ.

ಶನಿವಾರ ಸೂಪರ್‌ಮಾರ್ಕೆಟ್ಟಿನಲ್ಲಿ, ಹಾಲಿನ ಕಪಾಟಿನ ಮುಂದೆ,
ಶೋನಾ ಸಿಕ್ಕಳು. ಅವಳ ಮಗನಿಗೂ ಬಂದಿದೆ ಬಂಗಾರದಂಚು.
ಪರೀಕ್ಷೆಯ ದಿನ ಮಾತು ಮರೆತು
ಪ್ಯಾಂಟು ಒದ್ದೆ ಮಾಡಿಕೊಂಡ ಹುಡುಗ.
ನಾವಿಬ್ಬರೂ ನಗಲಿಲ್ಲ.
ಅವಳು ಆಗಲೇ ಮುಂಗಡ ಕಟ್ಟಿಯಾಗಿತ್ತು.
'ಒಂದು ವೇಳೆ ನಿಜವಾಗಿದ್ದರೆ?' ಅಂದಳು,
ಹಾಲಿನ ಡಬ್ಬಿಯ ತಾರೀಖು ಓದುತ್ತಾ.

ರಾತ್ರಿ ಯೂವರ್ಟ್ ಅಂದ: ದೋಣಿ ಮಾರೋಣ.
ಮಾರು ಅಂದೆ. ಆಮೇಲೆ ಯಾವುದರಲ್ಲಿ ಕೂತು ನೋಡ್ತೀಯ
ಅವನು ಅಂಗೈಯಲ್ಲಿ ತೋರಿಸಿದ ಆಕಾಶ?
ಅವನು ಎದ್ದು ನಾಯಿಯನ್ನು ಹೊರಗೆ ಕರೆದುಕೊಂಡು ಹೋದ.
ನಾಯಿ ಆಗಷ್ಟೇ ಹೋಗಿ ಬಂದಿತ್ತು.

ಒಂದು ಮಾತು ಮಾತ್ರ ಅವನಿಗೂ ಹೇಳಿಲ್ಲ.
ಹದಿನಾರರಲ್ಲಿ ನಾನು ಹಾಡುತ್ತಿದ್ದೆ.
ಡನೀಡಿನ್‌ನಿಂದ ಯಾರೋ ಬಂದು ಕೇಳಿದ್ದರು ಕೂಡ.
ದುಡ್ಡು ಕೇಳಿರಲಿಲ್ಲ, ನನ್ನನ್ನು ಕೇಳಿದ್ದರು.
ಅಪ್ಪ ಚೂರಿ ಒರೆಸುತ್ತಾ, 'ಎಲ್ಲಾ ಮೋಸ' ಅಂದ.
ಆ ಚೂರಿಯೇ ಈಗ ನನ್ನ ಕೈಯಲ್ಲಿ.
ಆ ಮಾತೂ ಅದರ ಹಿಡಿಯಲ್ಲೇ ಬಂತೇ?
ಅಪ್ಪನ ಭಯಕ್ಕೂ ನನ್ನ ವಿವೇಕಕ್ಕೂ ನಡುವೆ
ಅಲಗು ತೂರುವಷ್ಟು ಸಂದು
ಹುಡುಕುತ್ತಿದ್ದೇನೆ.

ಶುಕ್ರವಾರ ಐದು ಗಂಟೆಗೆ ಗಡುವು.
ಐದೂ ಕಾಲಿಗೆ ಕೈಗವಸು ಕಳಚಿ ಮನೆಗೆ ಬಂದೆ.

ಹಿತ್ತಲಲ್ಲಿ ಗ್ರಿಯರ್ ಖಾಲಿ ಪೆಟ್ಟಿಗೆ ಹತ್ತಿ
ತನ್ನ ಎರಡು ನಿಮಿಷವನ್ನು ಗಾಳಿಗೆ ಒಪ್ಪಿಸುತ್ತಿದ್ದಳು.
ನಮ್ಮ ಕಡೆಯ ನಾಲಿಗೆ; ರಕಾರ ಸಿಕ್ಕಿತೆಂದರೆ
ಗೋಲಿಯ ಹಾಗೆ ಉರುಳಿಸಿಬಿಡುತ್ತದೆ.
ಅಲ್ಲಿ ಹೋದರೆ ಮೊದಲು ಅದನ್ನು ತಿದ್ದುತ್ತಾರಂತೆ,
ಅದಕ್ಕೆ ಬೇರೆ ಶುಲ್ಕ.

'ದುಡ್ಡು ಕಟ್ಟದಿದ್ದರೆ ನಾನು ಆಯ್ಕೆ ಆಗಿಲ್ಲ ಅಂತಾನಾ?'

ಇಳಿ, ಊಟಕ್ಕೆ ಹೊತ್ತಾಯಿತು ಅಂದೆ.
ಇಳಿಯಲಿಲ್ಲ. ಮೊದಲಿನಿಂದ ಶುರು ಮಾಡಿದಳು.
ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದೆ.
ಚೆನ್ನಾಗಿತ್ತು.
ಎಷ್ಟು ಚೆನ್ನಾಗಿತ್ತು ಎಂದು ನನ್ನನ್ನು ಕೇಳಬೇಡಿ,
ಹೆತ್ತವಳು ನಾನು.